ನಾನು ಸುಗಲಾ ಖಾನಾಪುರ ಆಗಿದ್ದ ಮಳೆಗಾಲ

ಮೊನ್ನೆ ಖಡೇಬಜಾರದಲ್ಲಿ ಮಳೆ ಅಟ್ಟಿಸಿಕೊಂಡು ಬಂತೆಂದು ಪಕ್ಕದ ಗಲ್ಲಿಗೆ ನುಗ್ಗಿದೆ. ಮೂಗಿಗೆ ಒಂದು ವಾಸನೆ ಬಡಿಯಿತು. ಸೀಮೆಎಣ್ಣೆ, ಅಚ್ಚಿನ ಮಸಿ, ನೆಂದ ಕಾಗದ, ಮೂರೂ ಕೂಡಿದ್ದು. ಗಲ್ಲಿಯ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆಗಳನ್ನು ಸೀಮೆಎಣ್ಣೆ ಹಾಕಿ ತೊಳೆಯುತ್ತಿದ್ದರು. ನಾನು ಹೆದರುವ ಹುಡುಗನಲ್ಲ. ಪಿಯುಸಿ ಇಂಗ್ಲಿಷಿನಲ್ಲಿ ಹನ್ನೊಂದು ಅಂಕ ತೆಗೆದ ದಿನ, ಅಪ್ಪ ಎದುರಿಗೆ ಬೆಲ್ಟು ಹಿಡಿದು ಕೂತಿದ್ದಾಗ ಮೂರನೆಯ ರೊಟ್ಟಿ ಕೇಳಿದವನು. ಆದರೆ ಆ ವಾಸನೆಗೆ ನನ್ನ ಕೈಕಾಲು ತಣ್ಣಗಾದವು. ಕಿವಿಯೊಳಗೆ ಯಾರೋ ಪಾತ್ರೆ ಬಡಿದ ಹಾಗೆ ಮೂರು ಸದ್ದಾಯಿತು. ಟಣ್, ಟಣ್, ಟಣ್.

ಆ ಸದ್ದು ಕಳೆದ ಮಳೆಗಾಲದ್ದು, ಎಂಬತ್ತೆರಡರದ್ದು. ಆ ವರ್ಷ ಬೆಳಗಾವಿಯಲ್ಲಿ ಎಂಥ ಮಳೆಯೆಂದರೆ ನಮ್ಮ ಓಣಿಯ ಎಮ್ಮೆಗಳ ಬೆನ್ನ ಮೇಲೆ ಪಾಚಿ ಬೆಳೆದಿತ್ತು. ಜಾಂಬೋಟಿ ಕಡೆಯವರು ಇದನ್ನೂ ಮಳೆಯೆಂದು ಒಪ್ಪುತ್ತಿರಲಿಲ್ಲ. ಅವರಲ್ಲಿ ಕಪ್ಪೆಗಳೇ ಮನೆಯೊಳಗೆ ಬಂದು ಮೈ ಒರೆಸಿಕೊಳ್ಳುತ್ತವಂತೆ. ನಾನು ಪಿಯುಸಿ ನಪಾಸಾಗಿ ಅಕ್ಟೋಬರ್ ಪರೀಕ್ಷೆಯವರೆಗೆ ಮನೆಯಲ್ಲಿ ಬಂದಿ. ಓದುತ್ತಿದ್ದೇನೆಂದು ಅಪ್ಪ ನಂಬಿದ್ದ. ನಾನು ದೆವ್ವದ ಕತೆ ಬರೆಯುತ್ತಿದ್ದೆ.

ಬರೆದದ್ದನ್ನು ಹಿಡಿದುಕೊಂಡು ಈ ಗಲ್ಲಿಯ ಪ್ರೆಸ್ಸಿಗೆ ಹೋದೆ. ಅಲ್ಲಿಂದ ಒಂದು ವಾರಪತ್ರಿಕೆ ಬರುತ್ತಿತ್ತು. ಪ್ರೆಸ್ಸಿಗೂ ಪತ್ರಿಕೆಗೂ ಒಬ್ಬರೇ ಮಾಲಕರು, ಎಲ್ಲರೂ ಸಾಹುಕಾರರು ಎನ್ನುತ್ತಿದ್ದರು. ಅವರು ಮೊದಲ ಪುಟ ಓದಿ, ಕನ್ನಡಕ ತೆಗೆದು, ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಹೆಸರೇನ ನಿಂದು?"

"ಮಹಾಂತೇಶ್ರಿ."

"ಮಹಾಂತೇಶ ಬರದ ದೆವ್ವದ ಕತಿಗೆ ಯಾರ ಅಂಜತಾರೋ? ಹೆಣ್ಣಮಗಳ ಹೆಸರ ಹಾಕ್ಕೊಂಡ ಬಾ. ಮುಂದ ಊರಿನ ಹೆಸರೂ ಇರಬೇಕ. ಊರ ಇಲ್ಲದ ಹೆಂಗಸನ್ನ ನಮ್ಮ ಮಂದಿ ನಂಬೂದಿಲ್ಲ."

ಆಮೇಲೆ ತಿಳಿಯಿತು, ಆ ಪತ್ರಿಕೆಯ ಆರು ಜನ ಲೇಖಕಿಯರಿಗೂ ಮೀಸೆ ಇತ್ತು. ಅಡುಗೆಯ ಅಂಕಣ ಬರೆಯುವ 'ಅಕ್ಕ' ಸ್ವತಃ ಸಾಹುಕಾರರೇ. ಅವರಿಗೆ ಚಹಾ ಕಾಸಲೂ ಬರುತ್ತಿರಲಿಲ್ಲ.

ಹೆಸರು ಹುಡುಕಲು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಭೂಗೋಳದಲ್ಲೂ ನಾನು ನಪಾಸಾಗಿದ್ದೆ. "ಬುಡದಿಂದ ಓದು" ಎಂದು ಅಪ್ಪ ರದ್ದಿ ಅಂಗಡಿಯಿಂದ ಹೈಸ್ಕೂಲಿನ ಹಳೆಯ ಭೂಗೋಳ ತಂದು ಹಾಕಿದ್ದ. ಎಷ್ಟು ಹಳೆಯದೆಂದರೆ ಅದರಲ್ಲಿ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಸಾಲೆಯ ಹುಡುಗರು ಪುಸ್ತಕದಲ್ಲಿ ಆಡುವ ಆಟ ಎಲ್ಲರಿಗೂ ಗೊತ್ತು. ಮೊದಲ ಪುಟದಲ್ಲಿ 'ನನ್ನ ಹೆಸರು ಬೇಕೆ? ಇಂಥ ಪುಟ ನೋಡಿ' ಎಂದು ಬರೆಯುವುದು, ಆ ಪುಟದಲ್ಲಿ ಇನ್ನೊಂದು ಪುಟ ತೋರಿಸುವುದು, ಕಡೆಗೆ 'ನೀನು ಮಂಗ' ಎಂದು ಮುಗಿಸುವುದು. ಈ ಪುಸ್ತಕದಲ್ಲೂ ಅದೇ ಇತ್ತು, ಪೆನ್ಸಿಲ್ಲಿನಲ್ಲಿ, ಬಲಕ್ಕೆ ವಾಲಿದ ಸಣ್ಣ ಅಕ್ಷರದಲ್ಲಿ.

ಮೊದಲ ಪುಟ: ನಾನು ಯಾರು? ಪುಟ ೧೪ ನೋಡಿ.

ಹದಿನಾಲ್ಕು: ಸುಗಲಾ. ಯಾವ ಊರು? ಪುಟ ೩೭ ನೋಡಿ.

ಮೂವತ್ತೇಳು: ಖಾನಾಪುರ. ಎಲ್ಲಿಗೆ ಹೋಗುತ್ತೇನೆ ಗೊತ್ತಾಗಬೇಕೆ? ಪುಟ ೮೮ ನೋಡಿ.

ಎಂಬತ್ತೆಂಟನೆಯ ಪುಟ ಇರಲಿಲ್ಲ. ಯಾರೋ ಅದನ್ನು ಹರಿದಿದ್ದರು. ಮಂಗ ಅನ್ನಿಸಿಕೊಳ್ಳುವುದು ತಪ್ಪಿತಲ್ಲ ಎಂದು ನಾನು ಖುಷಿಪಟ್ಟೆ. ಸುಗಲಾ ಖಾನಾಪುರ! ಇಂಥ ಹೆಸರನ್ನು ಕೂತು ಹೊಸೆಯುತ್ತೇನೆಂದರೆ ನನ್ನಂಥ ಜಾಣನಿಗೂ ಆಗುತ್ತಿರಲಿಲ್ಲ.

ಆರು ವಾರಗಳ ಧಾರಾವಾಹಿ ಶುರುವಾಯಿತು. ಹಿತ್ತಲ ಬಾವಿಯಲ್ಲಿ ಒಂದು ದನಿ ಇದೆ. ಮನೆಯ ಹುಡುಗಿಯನ್ನು ಅದು ಕರೆಯುತ್ತದೆ. ಕರೆಯುವ ಮುಂಚೆ ಮೂರು ಸಲ ಪಾತ್ರೆ ಬಡಿದ ಸದ್ದಾಗುತ್ತದೆ. ಈ ಪಾತ್ರೆಯನ್ನೂ ನಾನು ಪುಸ್ತಕದಿಂದಲೇ ಕದ್ದಿದ್ದೆ. ಮಾನ್ಸೂನ್ ಮಾರುತಗಳ ಪಾಠದ ಅಂಚಿನಲ್ಲಿ 'ಅವ್ವ ಮೂರು ಸಲ ಪಾತ್ರೆ ಬಡಿದಳು, ಓಡು' ಎಂದಿತ್ತು. ಎರಡನೆಯ ವಾರಕ್ಕೆ ಊರೊಳಗಿನ ಶಹಾಪುರದ ಹೆಂಗಸರು ಕತ್ತಲಾದ ಮೇಲೆ ಹಿತ್ತಲಿಗೆ ಹೋಗುವುದನ್ನು ಬಿಟ್ಟರು ಎಂದು ನಾನೇ ನಾಲ್ಕು ಕಡೆ ಹೇಳಿಕೊಂಡು ಬಂದೆ. ನನ್ನ ತಂಗಿಯೂ ಅಂಜಿದಳು. ನಾನು ಮನೆಯಲ್ಲಿ ಸೌಟಿನಿಂದ ತಾಟು ಬಡಿದು ಅವಳ ಪಾಲಿನ ಹೋಳಿಗೆ ತಿಂದೆ.

ನನ್ನ ಅಕ್ಷರಗಳನ್ನು ಮೊಳೆ ಮೊಳೆಯಾಗಿ ಜೋಡಿಸುತ್ತಿದ್ದವರು ಗೌಸುಚಾಚಾ. ಮೂವತ್ತು ವರ್ಷದಿಂದ ಅದೇ ಸ್ಟೂಲಿನ ಮೇಲೆ ಕೂತ ಕಂಪೋಜಿಟರು. ಮನೆಯಲ್ಲಿ ಉರ್ದು, ಕೈಯಲ್ಲಿ ಕನ್ನಡ. ನಾನು ಹೋದರೆ ಸಾಕು, "ಬರ್ರಿ ಬಾಯಾರ, ಕುಂದರ್ರಿ, ಸೀರಿ ನೆನಸ್ಕೊಂಡೀರಿ" ಎನ್ನುತ್ತಿದ್ದರು.

ನಾಲ್ಕನೆಯ ಕಂತು ಬಂದ ಮೇಲೆ ಒಂದು ಸೋಮವಾರ ಚಾಚಾ ಹಾಗೆ ಅನ್ನಲಿಲ್ಲ. ಸುಮ್ಮನೆ ಒಂದು ಕಾರ್ಡು ಕೊಟ್ಟರು. ಸುಗಲಾ ಖಾನಾಪುರ ಇವರಿಗೆ, ಪ್ರೆಸ್ಸಿನ ವಿಳಾಸ. ಅಕ್ಷರ ಯಾರದೋ ಕಲಿಕೆಯ ಅಕ್ಷರ, ಒಂದೊಂದೂ ದಿಕ್ಕಿಗೊಂದು ಕಾಲು ಚಾಚಿತ್ತು.

'ಸುಗಲಾ, ನೀ ಬರಿಯೂದನ್ನ ಪಾರ್ವತಿ ವಹಿನಿ ಓದಿ ಹೇಳತಾಳ. ಪಾತ್ರಿ ಬಡಿಯೂದನ್ನ ನೀ ಮರತಿಲ್ಲ. ದಾಳಿಂಬಿ ಗಿಡದ ಬುಡಕ ಬಳಿ ಹುಗದೇನಿ ಅಂತ ಬರದಿದ್ದಿ. ಅಗದ ನೋಡಿದೆ. ಸಿಕ್ಕಾವು. ಹಸರ ಬಳಿ. ಎಲ್ಲಿ ಅದಿ? ಅವ್ವ.'

ಕೆಳಗೆ ನೀಲಿ ಮಸಿಯಲ್ಲಿ ಒಂದು ಹೆಬ್ಬೆಟ್ಟಿನ ಗುರುತು. ವಿಳಾಸದಲ್ಲಿ ಈರವ್ವ, ಖಾನಾಪುರ, ಹಂಚಿನ ಕಾರ್ಖಾನೆಯ ಹತ್ತಿರ.

ನಾನು ನಗಲು ನೋಡಿದೆ. ಕಾರ್ಡನ್ನು ಇನ್ನೊಮ್ಮೆ ಓದಿದೆ. ಪಾತ್ರೆಯ ಮಾತು ಪುಸ್ತಕದ್ದು, ಸರಿ. ದಾಳಿಂಬೆ ಗಿಡ, ಅದರ ಬುಡದ ಹಸಿರು ಬಳೆ, ಇವನ್ನು ನಾನು ಕಂಡಿದ್ದಿಲ್ಲ, ಓದಿದ್ದಿಲ್ಲ. ಮನೆಯ ಅಟ್ಟದ ಮೇಲೆ ಕೂತು, ಶೇಂಗಾ ತಿನ್ನುತ್ತ, ಸುಳ್ಳೇ ಬರೆದದ್ದು.

"ಚಾಚಾ, ಬಳಿ ಹ್ಯಾಂಗ ಸಿಕ್ತಾವು?"

"ಅರೇ, ಯಾವ ಮನಿ ಹಿತ್ತಲಾ ಕೆದರಿದರೂ ಬಳಿ ಚೂರು ಸಿಗತಾವು. ನೂರಾರು ವರ್ಷದ ಹೆಣ್ಣಮಕ್ಕಳು ಒಡಕೊಂಡಿರತಾರ. ಅದನ್ನ ಬಿಡು." ಚಾಚಾ ಕಾರ್ಡಿನ ಹೆಬ್ಬೆಟ್ಟಿನ ಮೇಲೆ ಬೆರಳಿಟ್ಟರು. "ಇದರ ಮಗಳು ಎಲ್ಲಿ ಅದಾಳ? ಅದನ್ನ ಹೇಳು. ಆಕಿ ಹೆಸರು ನೀ ಯಾರನ್ನ ಕೇಳಿ ತಗೊಂಡಿ?"

ಮರುದಿನ ಮಧ್ಯಾಹ್ನ, ಮಚ್ಛೆಯ ಗೆಳೆಯನಿಂದ ನೋಟ್ಸ್ ತರುತ್ತೇನೆಂದು ಅಪ್ಪನಿಗೆ ಹೇಳಿ ಬಸ್ಸು ಹತ್ತಿದೆ. ಮಚ್ಛೆ ಬಂತು, ಕಾರ್ಖಾನೆಗಳ ತಗಡಿನ ಮೇಲೆ ಮಳೆ ಸಾವಿರ ಪಾತ್ರೆ ಬಡಿಯುತ್ತಿತ್ತು. ನಾನು ಇಳಿಯಲಿಲ್ಲ. ಖಾನಾಪುರದ ತನಕ ಮಾತು ಕಂಠಪಾಠ ಮಾಡಿದೆ. 'ಆಯಿ, ಸುಗಲಾ ಅಂದರ ನಾನರಿ. ತಪ್ಪಾತರಿ.' ಐದೇ ಶಬ್ದ. ಇಂಗ್ಲಿಷಿಗಿಂತ ಹಗುರ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹಂಚಿನ ಕೆಂಪು ಕೆಸರು ದಾಟಿ, ಹೊಳೆಯ ಕಡೆ ಇಳಿಯುವ ದಾರಿಯ ಕೊನೆಯ ಮನೆ. ಹಿತ್ತಲಲ್ಲಿ ದಾಳಿಂಬೆ ಗಿಡ, ಬುಡದಲ್ಲಿ ಹೊಸದಾಗಿ ಅಗೆದ ಗುಂಡಿ, ಅದರ ತುಂಬ ಮಳೆನೀರು. ಬಾಗಿಲಲ್ಲಿ ನನ್ನ ಭುಜದ ಎತ್ತರದ ಮುದುಕಿ ನಿಂತಿದ್ದಳು. ಒಬ್ಬ ಮನುಷ್ಯ ಇಷ್ಟು ಸಣ್ಣಗಿರಬಹುದೆಂದು ನನಗೆ ಗೊತ್ತಿರಲಿಲ್ಲ.

"ಯಾರ ಬೇಕಪಾ?"

"ಬೆಳಗಾವಿ ಪ್ರೆಸ್ಸಿನಿಂದ ಬಂದೇನ್ರಿ, ಆಯಿ."

"ಆಕಿ ಕಳಿಸಿದಳೇನ ನಿನ್ನ?"

ಕಂಠಪಾಠ ಮಾಡಿದ ಐದೂ ಶಬ್ದ ಬಿಟ್ಟು, "ಹೂಂನ್ರಿ," ಎಂದೆ. ಜೀವಮಾನದಲ್ಲಿ ನಾನು ಹೇಳಿದ ಸುಳ್ಳುಗಳಲ್ಲಿ ಅತಿ ಗಿಡ್ಡದ್ದು ಅದು.

ಈರವ್ವಾಯಿ ಓಡಿಹೋಗಿ ಪಕ್ಕದ ಮನೆಯ ಪಾರ್ವತಿ ವಹಿನಿಯನ್ನು ಕರೆತಂದಳು. ಮನೆಯಲ್ಲಿ ಮರಾಠಿ ಆಡುವಾಕೆ, ಓಣಿಗೆಲ್ಲ ವಹಿನಿ, ಅಂದರೆ ಅತ್ತಿಗೆ. ದಪ್ಪ ಕನ್ನಡಕ, ಕೈಯಲ್ಲಿ ನನ್ನ ನಾಲ್ಕೂ ಕಂತು.

"ನಾ ಅಕ್ಷರಕ್ಕ ಅಕ್ಷರ ಹಚ್ಚಿ ಓದತೇನಿ, ಹಾಂ. ಒಂದ ಕಂತಿಗೆ ಎರಡ ದಿವಸ ಬೇಕ. ಖರೇ ಹೇಳತೇನಿ ಬಾಬಾ, ಅಂಜಿಕಿ ಬಂದು ನಡುವ ಚಹಾ ಕುಡೀತೇನಿ."

ಆಕೆಯೇ ನನಗೆ ನಡೆದದ್ದನ್ನು ಹೇಳಿದಳು, ಆಯಿ ಚಹಾ ಇಡಲು ಒಳಗೆ ಹೋದಾಗ. ಹದಿಮೂರು ವರ್ಷದ ಹಿಂದಿನ ಮಾತು. ಸುಗಲಾಗೆ ಹದಿನಾರು. ಅಪ್ಪ ಎರಡನೆಯ ಸಂಬಂಧದವನಿಗೆ ಗೊತ್ತು ಮಾಡಿದ್ದ. "ವರಾ ಆಕೀ ಅಪ್ಪನಗಿಂತ ಒಂದ ವರ್ಷ ಸಣ್ಣಾಂವ, ಅಷ್ಟ. ನಾಳಿ ಲಗ್ನ ಅಂದರ ಇವತ್ತ ಮುಂಜಾನಿ ನೀರ ತರತೇನಿ ಅಂತ ಹೊಳಿಗೆ ಹೋದಳು. ಮಲಪ್ರಭಾ ತುಂಬಿ ಬಂದಿತ್ತು. ದಂಡಿ ಮ್ಯಾಲ ಕೊಡ ಒಂದ ಸಿಕ್ತು."

ಕೊಡ ದಂಡೆಯ ಮೇಲೆ, ಹುಡುಗಿ ನೀರಿನಲ್ಲಿ. ಅದು ನನ್ನ ಕೊನೆಯ ಕಂತಿನ ಕೊನೆಯ ಸಾಲು. ಐದು, ಆರು ಎರಡೂ ಕಂತುಗಳನ್ನು ಕೂಡಿಸಿ ಈ ವಾರವೇ ಮುಗಿಸೆಂದು ಸಾಹುಕಾರರು ಹೇಳಿದ್ದರು, ನಾಲ್ಕನೆಯ ಕಂತಿನ ಕೆಳಗೆ 'ಮುಂದಿನ ವಾರ ಮುಕ್ತಾಯ' ಎಂದೂ ಅಚ್ಚು ಹಾಕಿಸಿದ್ದರು. ಶನಿವಾರವೇ ಬರೆದು ಕೊಟ್ಟಿದ್ದೆ. ಅದು ಯಾವ ಪುಸ್ತಕದ ಅಂಚಿನಲ್ಲೂ ಇರಲಿಲ್ಲ. ಬಾವಿಗಿಂತ ಹೊಳೆ ದೊಡ್ಡದು, ದೊಡ್ಡದರಲ್ಲಿ ಮುಳುಗಿಸಿದರೆ ಹೆಚ್ಚು ಜನ ಅಳುತ್ತಾರೆ ಎಂದಷ್ಟೇ ನನ್ನ ಲೆಕ್ಕ.

"ಊರೆಲ್ಲಾ ಹೊಳಿ ತಗೊಂಡ್ತು ಅಂತು," ವಹಿನಿ ದನಿ ತಗ್ಗಿಸಿದಳು. "ಅಪ್ಪ ಆಕಿ ಪುಸ್ತಕ ಎಲ್ಲಾ ರದ್ದಿಗೆ ಹಾಕಿದ. ಹೊಳಿ ಪಾಲಾದಾಕಿ ಪುಸ್ತಕ ಮನ್ಯಾಗ ಯಾಕ ಅಂದ. ಆತನೂ ಹೋಗಿ ಐದ ವರ್ಷ ಆತು. ಈಕಿ ಒಬ್ಬಾಕಿ ಒಪ್ಪಲಿಲ್ಲ ನೋಡು."

ಅಂದರೆ ಆ ಹುಡುಗಿ ತಾನು ಹೋಗುವ ಸುಳಿವನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದಳು. ತಾಯಿಗೆ ಓದಲು ಬರುತ್ತಿರಲಿಲ್ಲ. ಓದು ಬರುವ ಅಪ್ಪ ಅದನ್ನು ತೂಕಕ್ಕೆ ಹಾಕಿದ. ಸುತ್ತಿ ಸುತ್ತಿ ಅದು ಬಂದದ್ದು ನನ್ನ ಕೈಗೆ, ಭೂಗೋಳದಲ್ಲಿ ನಪಾಸಾದವನ ಕೈಗೆ.

ಆಯಿ ಚಹಾ ತಂದಳು. ಕುಡಿಯುವ ತನಕ ಬಿಡಲಿಲ್ಲ, ಆಮೇಲೆ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಈ ವಾರ ಮುಗೀತೈತಂತಲ್ಲ. ಕಡೀಕ ಆಕಿ ಎಲ್ಲಿ ಹೋಗತಾಳಪಾ?"

ನಾನು ಖಾಲಿ ಬಟ್ಟಲನ್ನು ಮತ್ತೆ ಬಾಯಿಗೆ ಹಚ್ಚಿದೆ.

"ನಿನಗೂ ಹೇಳಿಲ್ಲೇನ? ಇರಲಿ. ಬರದಿರತಾಳ. ಆಕಿ ಏನ ಬರದಾಳೋ ಅದನ್ನ ನಾ ನಂಬತೇನಿ. ಇಷ್ಟ ವರ್ಷ ಊರ ಮಂದಿ ಮಾತ ನಂಬಲಿಲ್ಲ. ಆಕಿ ತಾನ ಹೊಳ್ಯಾಗ ಅದೇನಿ ಅಂತ ಬರದಿದ್ದರ, ಆತು, ಒಪ್ಪತೇನಿ."

ಹೊರಗೆ ಮಬ್ಬು ಇಳಿಯಿತು. ಆಯಿ ಎದ್ದು ಒಂದು ಹಿತ್ತಾಳೆಯ ಪಾತ್ರೆಯನ್ನು ತಂದಳು. ಅದರ ತಳ ಬಟ್ಟಲಿನಷ್ಟು ಒಳಗೆ ತಗ್ಗಾಗಿತ್ತು. ಹಿತ್ತಲ ಬಾಗಿಲಲ್ಲಿ ನಿಂತು, ಹೊಳೆಯ ಕಡೆ ಮುಖ ಮಾಡಿ, ಸೌಟಿನಿಂದ ಬಡಿದಳು. ಟಣ್. ಟಣ್. ಟಣ್. ತಂಗಿಯ ಹೋಳಿಗೆ ಕಸಿಯಲು ನಾನು ಮಾಡಿದ್ದ ಸದ್ದು. ಮೂರಾದ ಮೇಲೆ ಆಕೆ ಸುಮ್ಮನೆ ನಿಂತು ಆಲಿಸಿದಳು. ನಾನೂ ಆಲಿಸಿದೆ. ಬಾವಿಯಿಂದ ಕರೆಯುವ ದನಿಯನ್ನು ಕಟ್ಟಿದವನು ನಾನೇ. ಆದರೂ ಆ ಮಬ್ಬಿನಲ್ಲಿ ಈಗ ಯಾರಾದರೂ 'ಓ' ಎಂದರೆ ನನ್ನ ಎದೆ ನಿಂತುಹೋಗುತ್ತದೆ ಅನ್ನಿಸಿತು. ಯಾರೂ ಅನ್ನಲಿಲ್ಲ. ಆಯಿ ಪಾತ್ರೆ ಒಳಗಿಟ್ಟಳು.

"ಹದಿಮೂರ ವರ್ಷ, ದಿನಾ," ಎಂದಳು ವಹಿನಿ.

ಬುಧವಾರ ಬೆಳಿಗ್ಗೆ ಪ್ರೆಸ್ಸಿಗೆ ಓಡಿದೆ. ಅಚ್ಚಾಗುವುದು ಗುರುವಾರ. ಮೊಳೆ ಕಿತ್ತು ಹಾಕಿಸಿ ಬೇರೆ ಬರೆದರಾಯಿತು, ಹುಡುಗಿಯನ್ನು ಬದುಕಿಸಿ ಕಾಶ್ಮೀರಕ್ಕೆ ಬೇಕಾದರೂ ಕಳಿಸಿದರಾಯಿತು. ಪ್ರೆಸ್ಸಿನ ಬಾಗಿಲಲ್ಲಿ ಪತ್ರಿಕೆಯ ಕಟ್ಟುಗಳು ಪೇರಿಸಿದ್ದವು. ಗುರುವಾರ ಕರೆಂಟು ಇರುವುದಿಲ್ಲವೆಂದು ಸಾಹುಕಾರರು ರಾತ್ರಿಯೇ ಅಚ್ಚು ಮುಗಿಸಿದ್ದರು. ಮುಂಜಾನೆಯ ಬಸ್ಸಿಗೆ ಖಾನಾಪುರದ ಕಟ್ಟು ಹೋಗಿಯಾಗಿತ್ತು.

ನಾನು ಅಲ್ಲೇ ಕೆಸರಿನಲ್ಲಿ ಕೂತೆ. ಇದನ್ನು ಹಿಗ್ಗಿಸಿ ಹೇಳುತ್ತಿಲ್ಲ. ಚಡ್ಡಿಯ ತನಕ ನೆಂದಿತ್ತು.

"ಏಳೋ, ಏಳು," ಗೌಸುಚಾಚಾ ಕೈ ಹಿಡಿದು ಎಬ್ಬಿಸಿದರು. "ನಿಂದು ನಾ ಕಂಪೋಜ ಮಾಡೇ ಇಲ್ಲ. ಬ್ಯಾರೇ ಕೊಟ್ಟ ಹೋಗ್ಯಾಳ."

"ಯಾರ ಚಾಚಾ?"

"ಸುಗಲಾ ಖಾನಾಪುರ."

ನಾನು ಆಯಿಯ ಮನೆಯಲ್ಲಿ ಚಹಾ ಕುಡಿಯುತ್ತಿದ್ದ ಹೊತ್ತಿಗೇ ಪ್ರೆಸ್ಸಿನ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳಂತೆ. ಮೂವತ್ತರ ಹತ್ತಿರದ ವಯಸ್ಸು, ಕಪ್ಪು ಛತ್ರಿ. ಸಾಹುಕಾರರು ಚಹಾಕ್ಕೆ ಹೋಗಿದ್ದರು. "ಮೂವತ್ತ ವರ್ಷದಾಗ ಈ ಪ್ರೆಸ್ಸಿಗೆ ಬಂದ ಮೊದಲನೇ ಲೇಖಕಿ ಆಕಿ. ನಾ ಸ್ಟೂಲ ಬಿಟ್ಟ ಎದ್ದ ನಿಂತೆ. 'ಸುಗಲಾ ಅಂದರ ನಮ್ಮ ಮಹಾಂತೇಶ ಅಲ್ಲೇನ್ರಿ ಬಾಯಿ' ಅಂದೆ. ಆಕಿ ನಕ್ಕಳು. 'ಇಷ್ಟ ದಿವಸ ಆತ ಇದ್ದ. ಇವತ್ತ ನಾ ಅದೇನಿ' ಅಂದಳು. ಕಾಗದ ಕೊಟ್ಟಳು. ಹೋದಳು."

"ಚಾಚಾ, ಪಾದ ನೋಡಿದಿರೇನ? ಮುಂದ ಇದ್ವೋ, ಹಿಂದ ಇದ್ವೋ?"

"ಒಂದ ಚಪ್ಪಲಿ ಉಂಗುಟ ಹರದಿತ್ತು. ಪಿನ್ನು ಹಾಕಿದ್ದಳು. ದೆವ್ವಕ್ಕ ಪಿನ್ನು ಯಾಕ ಬೇಕೋ, ಹುಚ್ಚ?"

ಚಾಚಾ ಕೊಟ್ಟ ಕಾಗದ ದಪ್ಪಗಿತ್ತು, ಹಳದಿಯಾಗಿತ್ತು, ನಾಲ್ಕು ಮಡಿಕೆಯ ಗೆರೆಗಳು ಹರಿಯುವಷ್ಟು ಸವೆದಿದ್ದವು. ಅಚ್ಚಿಲ್ಲದ ಖಾಲಿ ಮಗ್ಗುಲ ತುಂಬ ಬಲಕ್ಕೆ ವಾಲಿದ ಸಣ್ಣ ಅಕ್ಷರ. ತಿರುಗಿಸಿದೆ. ಹಿಂದುಗಡೆ ಮೈಸೂರು ರಾಜ್ಯದ ರೈಲು ದಾರಿಗಳ ನಕ್ಷೆ. ಮೂಲೆಯಲ್ಲಿ ಪುಟದ ಸಂಖ್ಯೆ, ೮೮.

ಮನೆಗೆ ಹೋಗಿ ಪುಸ್ತಕ ತೆಗೆದು ಅಂಚಿಗೆ ಅಂಚು ಹಚ್ಚಿ ನೋಡಿದೆ. ಹರಿದ ಹಲ್ಲುಗಳು ಒಂದಕ್ಕೊಂದು ಕೂತವು. ಪಕ್ಕದ ಕೋಣೆಯಲ್ಲಿ ತಂಗಿ ಯಾಕೋ ಪಾತ್ರೆ ಬೀಳಿಸಿದಳು. ನಾನು ಕೂಗಿದ ಕೂಗಿಗೆ ಅಪ್ಪ ಬೆಲ್ಟು ಬಿಟ್ಟು ನೀರು ತಂದ.

ಅದೇ ಮಧ್ಯಾಹ್ನ ಮತ್ತೆ ಖಾನಾಪುರ. ಈ ಸಲ ಅಪ್ಪನಿಗೆ ಸುಳ್ಳು ಹೇಳಲಿಲ್ಲ, ಖರೇ ಹೇಳಿದೆ. ಆತ ನಂಬಲಿಲ್ಲ, ಅದು ಬೇರೆ ಮಾತು. ವಹಿನಿ ಪತ್ರಿಕೆ ಹಿಡಿದು ಆಗಲೇ ಕೂತಿದ್ದಳು, ಮೊದಲ ಸಾಲಿನಲ್ಲೇ ಇದ್ದಳು. ನಾನು ಹರಿದ ಪುಟದಿಂದ ಓದಿದೆ.

"ನಾನು ಬಾವಿಗೂ ಬೀಳಲಿಲ್ಲ, ಹೊಳೆಗೂ ಬೀಳಲಿಲ್ಲ. ಕೊಡ ದಂಡೆಯ ಮೇಲಿಟ್ಟು ಮುಂಜಾನೆಯ ಗಾಡಿ ಹತ್ತಿದೆ. ನಾನು ಬದುಕಿದ್ದೇನೆ. ಎಲ್ಲಿಗೆ ಹೋಗುತ್ತೇನೆಂದು ಪುಸ್ತಕದಲ್ಲಿ ಬರೆಯಬೇಕೆಂದಿದ್ದೆ, ದಾರಿಗೆ ನಕ್ಷೆ ಬೇಕಾಗಿ ಆ ಪುಟವನ್ನೇ ಹರಿದುಕೊಂಡು ಹೋದೆ. ಅಪ್ಪ ಇರುವ ತನಕ ಬರೆಯಲು ಅಂಜಿದೆ, ಆಮೇಲೆ ನಾಚಿದೆ. ಈಗ ಯಾರೋ ನನ್ನ ಹೆಸರಿನಲ್ಲಿ ನನ್ನನ್ನು ಕೊಲ್ಲಲು ಹೊರಟಿದ್ದಾರೆ. ಅವ್ವಾ, ಪಾತ್ರೆ ಬಡಿಯಬೇಡ, ತಳ ತೂತಾಗುತ್ತದೆ. ಮಳೆ ನಿಂತ ಮೇಲೆ ಬರುತ್ತೇನೆ."

ವಹಿನಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಯಿ ಅಳಲಿಲ್ಲ.

"ಆಯಿ," ಎಂದೆ, "ಹಿಂದಿನ ಕಂತೆಲ್ಲಾ ನಾ ಬರದದ್ರಿ. ತಪ್ಪಾತು."

"ಗೊತ್ತಿತ್ತೋ. ನಮ್ಮ ಹಿತ್ತಲದಾಗ ಬಾವೀನ ಇಲ್ಲ." ಆಕೆ ನನ್ನ ತಲೆಗೆ ಮೆಲ್ಲಗೆ ಒಂದು ಕೊಟ್ಟಳು. "ಆದರ ಹೆಸರು ಆಕೀದಿತ್ತಲ್ಲ. ಹೆಸರ ನೋಡಿ ಬಾವಿ ಬಿಟ್ಟಕೊಟ್ಟೆ. ಎಲ್ಲಿ ಅದಾಳ, ತೋರಸು."

ನಕ್ಷೆಯಲ್ಲಿ ಒಂದು ಸ್ಟೇಷನ್ನಿಗೆ ಹೊಸ ಮಸಿಯಲ್ಲಿ ಸುತ್ತು ಹಾಕಿತ್ತು. ಯಾವ ಸ್ಟೇಷನ್ನೆಂದು ಇಲ್ಲಿ ಬರೆಯುವುದಿಲ್ಲ. ಆಕೆಯ ಹೆಸರನ್ನು ಕೇಳದೆ ಒಮ್ಮೆ ತೆಗೆದುಕೊಂಡದ್ದೇ ಸಾಕು. ಆಯಿಯ ಬೆರಳನ್ನು ಹಿಡಿದು ಖಾನಾಪುರದ ಮೇಲಿಟ್ಟೆ, ಆಮೇಲೆ ಆ ಸುತ್ತಿನ ಮೇಲೆ. ಆಕೆ ನಡುವಿನ ಜಾಗದಲ್ಲಿ ಬೆರಳುಗಳನ್ನು ಒಂದರ ಪಕ್ಕ ಒಂದು ಮಲಗಿಸಿ ಅಳೆದಳು.

"ನಾಕ ಬೆರಳು," ಎಂದಳು. ಇನ್ನೊಮ್ಮೆ ಅಳೆದಳು. "ಇಷ್ಟ ಸನೇದಾಗ ಅದಾಳ? ಹಂಗಂದರ ಇಷ್ಟ ವರ್ಷ ಆಕಿಗೆ ಕೇಳಸ್ತಿತ್ತು."

ಪಾತ್ರೆ ತರಲು ಒಳಗೆ ಹೋದಳು. ನಕ್ಷೆಯ ಕೆಳಗೆ ಒಂದು ಅಂಗುಲಕ್ಕೆ ಎಷ್ಟು ಮೈಲಿ ಎಂದು ಅಚ್ಚಾಗಿತ್ತು. ವಹಿನಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ, "ಒಂ... ದು... ಅಂ..." ಎಂದು ಅಕ್ಷರ ಹಚ್ಚತೊಡಗಿದಳು. ನಾನು ಅದರ ಮೇಲೆ ಹೆಬ್ಬೆರಳಿಟ್ಟೆ. ಮೂರನೆಯ ಟಣ್ ಮುಗಿಯುವ ತನಕ ತೆಗೆಯಲಿಲ್ಲ.